ಹಳೆಯ ಮದರ್‌ಬೋರ್ಡನ್ನು ಉಳಿಸಿಕೊಂಡು ಡೆಸ್ಕ್‌ಟಾಪ್ ನವೀಕರಿಸಿದ ನನ್ನ ಅನುಭವ

2017ರಲ್ಲಿ ನಾನೇ ಜೋಡಿಸಿದ ಡೆಸ್ಕ್‌ಟಾಪ್ ಎಂಟು ವರ್ಷ ಯಾವ ದೊಡ್ಡ ತಕರಾರೂ ಇಲ್ಲದೆ ದುಡಿಯಿತು. ಅದರಲ್ಲಿದ್ದದ್ದು ರೈಜನ್ 3 1200 ಪ್ರೊಸೆಸರ್, ಬಿ350 ಚಿಪ್‌ಸೆಟ್ಟಿನ (ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್) ಮದರ್‌ಬೋರ್ಡ್, 8 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್, 1 ಟಿಬಿಯ ಹಾರ್ಡ್ ಡಿಸ್ಕ್, ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡ್ ಮತ್ತು 450 ವ್ಯಾಟಿನ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಘಟಕ). ನನ್ನ ಕೆಲಸ ಹೆಚ್ಚಾಗಿ ಛಾಯಾಚಿತ್ರಗಳ ಸಂಸ್ಕರಣೆ ಮತ್ತು ಬರವಣಿಗೆ. ಬಿಡುವಿದ್ದಾಗ ಒಂದಿಷ್ಟು ಆಟ. ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಮೊದಲ ತಲೆಮಾರಿನ ರೈಜನ್ ಇಲ್ಲದಿದ್ದುದರಿಂದ, ವರ್ಷಗಳಿಂದ ಮುಂದೂಡುತ್ತಾ ಬಂದಿದ್ದ ನವೀಕರಣವನ್ನು ಆ ವರ್ಷದ ಮಧ್ಯಭಾಗದಲ್ಲಿ ಕೈಗೆತ್ತಿಕೊಂಡೆ.

ಮೊದಲು ನನ್ನ ಮನಸ್ಸಿನಲ್ಲಿದ್ದದ್ದು ಹೊಸ ಗ್ರಾಫಿಕ್ಸ್ ಕಾರ್ಡ್. ಆದರೆ ಕೊಳ್ಳುವ ಮೊದಲು ಯಂತ್ರ ಎಲ್ಲಿ ಏದುಸಿರು ಬಿಡುತ್ತಿದೆ ಎಂಬುದನ್ನು ನೋಡೋಣವೆಂದು ಒಂದು ವಾರ ಟಾಸ್ಕ್ ಮ್ಯಾನೇಜರನ್ನು ತೆರೆದಿಟ್ಟುಕೊಂಡೇ ಕೆಲಸ ಮಾಡಿದೆ. ಚಿತ್ರಗಳ ಕಡತಕೋಶವನ್ನು ತೆರೆದಾಗಲೆಲ್ಲ ಹಾರ್ಡ್ ಡಿಸ್ಕ್‌ನ ಬಳಕೆ ಶೇ. 100ಕ್ಕೆ ಏರಿ ಅಲ್ಲಿಯೇ ನಿಲ್ಲುತ್ತಿತ್ತು. ಬ್ರೌಸರ್ ಮತ್ತು ಚಿತ್ರ ಸಂಸ್ಕರಣೆಯ ತಂತ್ರಾಂಶ ಎರಡನ್ನೂ ಒಟ್ಟಿಗೆ ತೆರೆದರೆ ರ‍್ಯಾಮ್ ತುಂಬಿಹೋಗಿ, ಉಳಿದ ಭಾರವೆಲ್ಲ ಅದೇ ಹಾರ್ಡ್ ಡಿಸ್ಕ್‌ನ ಮೇಲೆ ಬೀಳುತ್ತಿತ್ತು. ಚಿತ್ರಗಳನ್ನು ಒಟ್ಟಾಗಿ ರಫ್ತು ಮಾಡುವಾಗ ಪ್ರೊಸೆಸರ್‌ನ ನಾಲ್ಕು ಕೋರ್‌ಗಳೂ ಪೂರ್ತಿ ದುಡಿಯುತ್ತಿದ್ದವು. ಇಷ್ಟೆಲ್ಲ ನಡೆಯುತ್ತಿದ್ದರೂ ಗ್ರಾಫಿಕ್ಸ್ ಕಾರ್ಡ್ ಬಹುಪಾಲು ಸುಮ್ಮನೆ ಕುಳಿತಿರುತ್ತಿತ್ತು. ಆ ವಾರ ಬರೆದಿಟ್ಟುಕೊಂಡ ಟಿಪ್ಪಣಿಯನ್ನು ನೋಡಿದ ಮೇಲೆ ಗ್ರಾಫಿಕ್ಸ್ ಕಾರ್ಡನ್ನು ಪಟ್ಟಿಯ ಕೊನೆಗೆ ತಳ್ಳಿದೆ.

ಮುಂದಿನ ಪ್ರಶ್ನೆ, ಇರುವ ಮದರ್‌ಬೋರ್ಡನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬುದಾಗಿತ್ತು. ಹೊಸ ಎಎಂ5 ಸಾಕೆಟ್ಟಿಗೆ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೋದರೆ ಡಿಡಿಆರ್5 ರ‍್ಯಾಮ್ ಬೇಕೇ ಬೇಕು; ಅಂದರೆ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರನ್ನೂ ಒಂದೇ ಸಲ ಕೊಳ್ಳಬೇಕು. ನಾನು ಇಟ್ಟುಕೊಂಡಿದ್ದ ಹಣ ಆ ಮೂರಕ್ಕೇ ಮುಗಿದು, ಹಾರ್ಡ್ ಡಿಸ್ಕ್ ಹಾಗೆಯೇ ಉಳಿಯುತ್ತಿತ್ತು. ನನ್ನ ಬೋರ್ಡಿನ ಎಎಂ4 ಸಾಕೆಟ್ಟಿಗಾದರೋ ಹಲವು ತಲೆಮಾರುಗಳ ಪ್ರೊಸೆಸರ್‌ಗಳು ಬಂದಿವೆ, ಮತ್ತು 2022ರಲ್ಲಿ 300 ಸರಣಿಯ ಹಳೆಯ ಚಿಪ್‌ಸೆಟ್‌ಗಳಿಗೂ ರೈಜನ್ 5000 ಸರಣಿಯ ಬೆಂಬಲವನ್ನು ರೈಜನ್ ತಯಾರಕ ಎಎಂಡಿ ವಿಸ್ತರಿಸಿತು. ಆದರೆ ಚಿಪ್‌ಸೆಟ್ಟಿಗೆ ಬೆಂಬಲವಿದೆ ಎಂದಮಾತ್ರಕ್ಕೆ ನಮ್ಮ ಬೋರ್ಡಿಗೂ ಇದೆ ಎಂದು ಭಾವಿಸಬಾರದು. ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನೂ ಪರಿಷ್ಕರಣೆಯ ಸಂಖ್ಯೆಯನ್ನೂ ಟಾರ್ಚ್ ಹಿಡಿದು ಓದಿಕೊಂಡು, ತಯಾರಕರ ಪ್ರೊಸೆಸರ್ ಪಟ್ಟಿಯಲ್ಲಿ ರೈಜನ್ 5000 ಸರಣಿ ಇದೆಯೆಂದು, ಯಾವ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಆವೃತ್ತಿಯಿಂದ ಇದೆಯೆಂದು ಖಚಿತಪಡಿಸಿಕೊಂಡ ನಂತರವೇ ನಾನು ಮುಂದುವರಿದೆ.

ಆ ಪಟ್ಟಿಯಲ್ಲಿ ನನ್ನ ಕೈಗೆ ಎಟುಕುವಂತೆ ಇದ್ದವು ಮೂರು: ರೈಜನ್ 5 5500, 5600 ಮತ್ತು 5600ಜಿ. ಮೂರರಲ್ಲೂ 6 ಕೋರ್, 12 ಥ್ರೆಡ್‌ಗಳಿವೆ. 5600ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಇದೆ. ನನ್ನ ಬಳಿ ಕಾರ್ಡ್ ಇದ್ದುದರಿಂದ ಅದಕ್ಕಾಗಿ ಹಣ ಕೊಡುವ ಅಗತ್ಯ ಕಾಣಲಿಲ್ಲ. 5500 ಮತ್ತು 5600ರ ನಡುವಿನ ಮುಖ್ಯ ವ್ಯತ್ಯಾಸ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್‌ನೊಳಗಿನ ವೇಗದ ಸ್ಮೃತಿ. ಮೊದಲನೆಯದರಲ್ಲಿ 16 ಎಂಬಿ, ಎರಡನೆಯದರಲ್ಲಿ 32 ಎಂಬಿ. 5600ಕ್ಕೆ ಪಿಸಿಐಇ 4.0 (ಗ್ರಾಫಿಕ್ಸ್ ಕಾರ್ಡ್, ಡಿಸ್ಕ್‌ಗಳೊಂದಿಗೆ ದತ್ತಾಂಶ ಸಾಗಿಸುವ ದಾರಿ) ಕೂಡ ಇದೆಯಾದರೂ ನನ್ನ ಬೋರ್ಡ್ 3.0ಕ್ಕಿಂತ ಮೇಲೆ ಹೋಗದು, ಹಾಗಾಗಿ ಆ ಅಂಶವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ದೊಡ್ಡ ಕ್ಯಾಶ್ ಆಟಗಳಲ್ಲಿ ಎದ್ದು ಕಾಣುವಷ್ಟು ನೆರವಾಗುತ್ತದೆ. ಮುಂದೆಂದಾದರೂ ಕಾರ್ಡ್ ಬದಲಿಸಿದಾಗ ಅದು ಬೇಕಾಗುತ್ತದೆಂದು 5600ನ್ನೇ ಆರಿಸಿದೆ. ಎಂಟು ಕೋರ್‌ಗಳ 5800ಎಕ್ಸ್ ಕಡೆಗೂ ಆಸೆಯಿಂದ ನೋಡಿದ್ದುಂಟು. ಆದರೆ ಅದರ ಟಿಡಿಪಿ (ಹೊರಹಾಕಬೇಕಾದ ಶಾಖದ ಅಳತೆ) 105 ವ್ಯಾಟ್. ನನ್ನ ಅಗ್ಗದ ಬೋರ್ಡಿನಲ್ಲಿ ಪ್ರೊಸೆಸರ್‌ಗೆ ವಿದ್ಯುತ್ ಒದಗಿಸುವ ಬಿಡಿಭಾಗಗಳ ಮೇಲೆ ಶಾಖ ಹೀರುವ ಲೋಹದ ಹೊದಿಕೆಯೂ ಇಲ್ಲ. 65 ವ್ಯಾಟಿನ ಪ್ರೊಸೆಸರ್ ಅಂಥ ಬೋರ್ಡಿಗೆ ಸಮನಾದ ಜೊತೆ.

ರ‍್ಯಾಮ್ ವಿಷಯದಲ್ಲಿ ಇದ್ದ 8 ಜಿಬಿಯ ಪಕ್ಕಕ್ಕೆ ಇನ್ನೊಂದು 8 ಜಿಬಿ ಸೇರಿಸುವುದು ಎಲ್ಲಕ್ಕಿಂತ ಅಗ್ಗದ ದಾರಿಯಾಗಿತ್ತು. ಹಳೆಯದು 2400ರ ವೇಗದ್ದು. ಜೊತೆಗೆ ಎಷ್ಟೇ ವೇಗದ್ದನ್ನು ಹಾಕಿದರೂ ಎರಡೂ ನಿಧಾನವಾದದ್ದರ ವೇಗಕ್ಕೆ ಇಳಿಯುತ್ತವೆ. ರೈಜನ್‌ನಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಪ್ರೊಸೆಸರ್‌ನ ಒಳಭಾಗಗಳನ್ನು ಬೆಸೆಯುವ ಇನ್ಫಿನಿಟಿ ಫ್ಯಾಬ್ರಿಕ್‌ನ ಗತಿ ಸಾಮಾನ್ಯವಾಗಿ ರ‍್ಯಾಮ್‌ನ ಗತಿಯೊಂದಿಗೆ ಹೆಜ್ಜೆ ಹಾಕುತ್ತದೆ. ಡಿಡಿಆರ್4 3200 ರ‍್ಯಾಮ್ ಒಂದು ಚಾನೆಲ್‌ನಲ್ಲಿ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲುದಾದರೆ, ಎರಡು ಚಾನೆಲ್‌ನಲ್ಲಿ 51.2 ಜಿಬಿ ಸಾಗಿಸಬಲ್ಲುದು. ಆದ್ದರಿಂದ 16 ಜಿಬಿಯ ಎರಡು ರ‍್ಯಾಮ್‌ಗಳಿರುವ 3200ರ ಜೋಡಿಯನ್ನು ಒಂದೇ ಪೆಟ್ಟಿಗೆಯಲ್ಲಿ ಕೊಂಡು, ಪ್ರೊಸೆಸರ್‌ನ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳಲ್ಲಿ ಕೂರಿಸಿದೆ. ಕೈಪಿಡಿ ಹೇಳಿದ್ದೂ ಅದನ್ನೇ.

ರ‍್ಯಾಮ್ ಮೊದಲು ಬಂತು, ಪ್ರೊಸೆಸರ್ ನಾಲ್ಕು ದಿನ ತಡವಾಯಿತು. ಆತುರದಿಂದ ಹಳೆಯ ಪ್ರೊಸೆಸರ್‌ನೊಂದಿಗೇ ಎಕ್ಸ್‌ಎಂಪಿಯನ್ನು (ಘೋಷಿತ ವೇಗಕ್ಕೆ ಏರಿಸುವ ಸಿದ್ಧ ಹೊಂದಿಕೆ) ಆನ್ ಮಾಡಿ 3200ಕ್ಕೆ ಏರಿಸಿದೆ, ಪರದೆಯೇ ಬರಲಿಲ್ಲ. ಬೋರ್ಡಿನ ಸಿಮಾಸ್ (ಬಯಾಸ್ ಹೊಂದಿಕೆಗಳನ್ನು ಉಳಿಸಿಡುವ ಸ್ಮೃತಿ) ಅಳಿಸಿದ ಮೇಲೆಯೇ ಯಂತ್ರ ಮತ್ತೆ ಎದ್ದದ್ದು. ರ‍್ಯಾಮನ್ನು ಹಿಂತಿರುಗಿಸಬೇಕೆಂದು ಹೊರಟವನಿಗೆ ಒಂದು ಸಂಗತಿ ಹೊಳೆಯಿತು: ರ‍್ಯಾಮನ್ನು ನಿಯಂತ್ರಿಸುವ ಘಟಕ ಇರುವುದು ಬೋರ್ಡಿನಲ್ಲಲ್ಲ, ಪ್ರೊಸೆಸರ್‌ನೊಳಗೆ. ಮೊದಲ ತಲೆಮಾರಿನ ರೈಜನ್‌ಗೆ ಅಧಿಕೃತ ಮಿತಿ 2666, 5600ಕ್ಕೆ 3200. ನಾಲ್ಕು ದಿನ 2666ರಲ್ಲಿ ನಡೆಸಿದೆ. ಹೊಸ ಪ್ರೊಸೆಸರ್ ಕೂತ ದಿನ ಅದೇ ರ‍್ಯಾಮ್ 3200ರಲ್ಲಿ ಮೊದಲ ಪ್ರಯತ್ನಕ್ಕೇ ಏರಿತು. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದರೂ ಒಂದೂ ದೋಷ ಕಾಣಲಿಲ್ಲ.

ಹಾರ್ಡ್ ಡಿಸ್ಕ್‌ನ ಕೆಲಸವನ್ನು ವಹಿಸಿಕೊಳ್ಳಬೇಕಿದ್ದ, ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಯ ಆಯ್ಕೆ ಸುಲಭವಾಗಿತ್ತು. ಅದು ಕೂರುವ, ಬೋರ್ಡಿನ ಎಂ.2 ಸ್ಲಾಟ್ ಪಿಸಿಐಇ 3.0ರ ನಾಲ್ಕು ಲೇನ್‌ಗಳದ್ದು, ಅಂದರೆ ಪಕ್ಕಪಕ್ಕದ ನಾಲ್ಕು ದಾರಿಗಳದ್ದು. ಅದರಲ್ಲಿ ಸೆಕೆಂಡಿಗೆ ಸುಮಾರು 3500 ಎಂಬಿಗಿಂತ ಹೆಚ್ಚು ಓದಲಾಗದು. ಆದ್ದರಿಂದ ಅದರ ಎರಡು ಪಟ್ಟು ವೇಗದ ಹೊಸ ಎಸ್‌ಎಸ್‌ಡಿಗಳನ್ನು ಬಿಟ್ಟು, ಟಿಎಲ್‌ಸಿ (ಒಂದು ಕೋಶದಲ್ಲಿ ಮೂರು ಬಿಟ್ ಇಡುವ) ಮಾದರಿಯ 1 ಟಿಬಿಯ ಸಾಧಾರಣ ಎನ್‌ವಿಎಂಇ ಎಸ್‌ಎಸ್‌ಡಿಯೊಂದನ್ನು ಕೊಂಡೆ. ಅದನ್ನು ಕೂರಿಸಿದ ಕೂಡಲೇ ಹಳೆಯ ಹಾರ್ಡ್ ಡಿಸ್ಕ್ ಕಾಣೆಯಾಯಿತು, ಎದೆ ಧಸಕ್ಕೆಂದಿತು. ನನ್ನ ಬೋರ್ಡಿನಲ್ಲಿ ಎಂ.2 ಬಳಸಿದಾಗ ಹಾರ್ಡ್ ಡಿಸ್ಕ್ ಜೋಡಿಸುವ ಸಾಟಾದ ಕೊನೆಯ ಎರಡು ಪೋರ್ಟ್‌ಗಳು ನಿಷ್ಕ್ರಿಯವಾಗುತ್ತವೆಂದು ಕೈಪಿಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿಯಿತ್ತು. ಕೇಬಲನ್ನು ಮೊದಲ ಪೋರ್ಟಿಗೆ ಬದಲಿಸಿದಾಗ ಡಿಸ್ಕ್ ಮರಳಿತು.

ಎಸ್‌ಎಂಪಿಎಸ್ ಬಗ್ಗೆ ಮಾತ್ರ ನಾನು ಜಿಪುಣತನ ತೋರಲಿಲ್ಲ, ಬೇರೆಯವರೂ ತೋರಬಾರದೆಂದೇ ನನ್ನ ಬಲವಾದ ಅಭಿಪ್ರಾಯ. ಹಳೆಯದರ ಮೇಲೆ ದೊಡ್ಡದಾಗಿ 450 ವ್ಯಾಟ್ ಎಂದಿದ್ದರೂ, ಅಂಟಿಸಿದ್ದ ಚೀಟಿಯನ್ನು ಓದಿದರೆ 12 ವೋಲ್ಟಿನ ರೈಲ್‌ಗೆ (ಪೂರೈಕೆಯ ಸಾಲಿಗೆ) 25 ಆಂಪಿಯರ್, ಅಂದರೆ 300 ವ್ಯಾಟ್ ಮಾತ್ರ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಹೆಚ್ಚಾಗಿ ಎಳೆಯುವುದು ಆ 12 ವೋಲ್ಟಿನಿಂದಲೇ. ಮೇಲಾಗಿ ಎಂಟು ವರ್ಷ ಬಿಸಿಯಲ್ಲಿ ದುಡಿದ ಕೆಪಾಸಿಟರ್‌ಗಳು. ಹೊಸದನ್ನು ಆರಿಸುವಾಗ 80 ಪ್ಲಸ್ ಮುದ್ರೆಯೊಂದನ್ನೇ ನಂಬಲಿಲ್ಲ. ಅದು ದಕ್ಷತೆಯನ್ನು ಹೇಳುತ್ತದೆಯೇ ಹೊರತು ಒಳಗಿನ ರಕ್ಷಣಾ ವ್ಯವಸ್ಥೆಯನ್ನಲ್ಲ. 550 ವ್ಯಾಟಿನಲ್ಲಿ ಬಹುಪಾಲು 12 ವೋಲ್ಟಿನಲ್ಲೇ ದೊರೆಯುವಂಥದ್ದನ್ನು, ಐದು ವರ್ಷದ ವಾರಂಟಿ ಇರುವಂಥದ್ದನ್ನು ಕೊಂಡೆ. ಕಳಚಬಹುದಾದ ಕೇಬಲ್‌ಗಳಿರುವ ಎಸ್‌ಎಂಪಿಎಸ್ ಕೊಳ್ಳುವವರು ಹಳೆಯದರ ಕೇಬಲನ್ನು ಹೊಸದಕ್ಕೆ ಎಂದೂ ಚುಚ್ಚಬಾರದು: ತುದಿ ಒಂದೇ ರೀತಿ ಕಂಡರೂ ಪಿನ್‌ಗಳ ಕ್ರಮ ಬೇರೆ ಇರಬಹುದು, ಡಿಸ್ಕ್ ಸುಟ್ಟುಹೋಗಬಹುದು.

ಜೋಡಣೆಯ ದಿನ ಹಳೆಯ ಪ್ರೊಸೆಸರ್ ಇರುವಾಗಲೇ, ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಿಂದ ಬಯಾಸ್ ನವೀಕರಿಸಿದೆ. ನೇರವಾಗಿ ಕೊನೆಯ ಆವೃತ್ತಿಗೆ ಹಾರುವಂತಿರಲಿಲ್ಲ. ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಬೇಕೆಂದು ತಯಾರಕರ ಸೂಚನೆಯಿತ್ತು. ಆಮೇಲೆ ಕೂಲರ್ ಬಿಚ್ಚುವಾಗ ತಪ್ಪು ಮಾಡಿದೆ. ಎಎಂ4 ಪ್ರೊಸೆಸರ್‌ನ ಪಿನ್‌ಗಳು ಪ್ರೊಸೆಸರ್‌ನಲ್ಲೇ ಇರುತ್ತವೆ, ಮತ್ತು ಒಣಗಿದ ಥರ್ಮಲ್ ಪೇಸ್ಟ್ ಗೋಂದಿನಂತೆ ಹಿಡಿದಿರುತ್ತದೆ. ನೇರವಾಗಿ ಮೇಲೆ ಎಳೆದಾಗ ಕೂಲರ್‌ನೊಂದಿಗೆ ಪ್ರೊಸೆಸರ್ ಕೂಡ ಸಾಕೆಟ್ಟಿನಿಂದ ಕಿತ್ತುಬಂದು, ಅಂಚಿನ ಎರಡು ಪಿನ್‌ಗಳು ಬಾಗಿದವು. ಯಂತ್ರವನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಆರಿಸಿ, ವಿದ್ಯುತ್ ಕಳಚಿ, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸಿ ಬಿಡಿಸಬೇಕಾಗಿತ್ತು. ಬಾಗಿದ ಪಿನ್‌ಗಳನ್ನು ಲೆಡ್ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ತುದಿಯಿಂದ ನೆಟ್ಟಗೆ ಮಾಡಿದೆ. ಆ ಪ್ರೊಸೆಸರ್ ಈಗ ಪರಿಚಿತರೊಬ್ಬರ ಯಂತ್ರದಲ್ಲಿ ಕೆಲಸ ಮಾಡುತ್ತಿದೆ. ಹೊಸದನ್ನು ಹಾಕಿ ಮೊದಲ ಬಾರಿ ಆನ್ ಮಾಡಿದಾಗ ಎಫ್‌ಟಿಪಿಎಂ (ಭದ್ರತೆಯ ಗುಪ್ತ ಕೀಲಿಗಳನ್ನು ಇಡುವ ವ್ಯವಸ್ಥೆ) ಅಳಿಸಬೇಕೇ ಎಂಬ ಪ್ರಶ್ನೆ ಪರದೆಯ ಮೇಲೆ ಬಂತು. ಬಿಟ್‌ಲಾಕರ್ (ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಬಳಸುವವರು ಅದಕ್ಕೆ ಹೌದೆನ್ನುವ ಮೊದಲು ತಮ್ಮ ರಿಕವರಿ ಕೀ ಕೈಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

ಗ್ರಾಫಿಕ್ಸ್ ಕಾರ್ಡ್‌ಗೆ ಈ ಸುತ್ತಿನಲ್ಲಿ ಹಣ ಉಳಿಯಲಿಲ್ಲ. ಉಳಿದಿದ್ದರೆ ಬಹುಶಃ ಆರ್‌ಎಕ್ಸ್ 6500 ಎಕ್ಸ್‌ಟಿಯನ್ನು ತರುತ್ತಿದ್ದೆ, ಅದು ತಪ್ಪಾಗುತ್ತಿತ್ತು. ಅದು ಬಳಸುವುದು ನಾಲ್ಕೇ ಲೇನ್‌ಗಳನ್ನು. ಪಿಸಿಐಇ 4.0ರ ಬೋರ್ಡಿನಲ್ಲಿ ನಡೆದೀತು, ನನ್ನ 3.0ರಲ್ಲಿ ದಾರಿ ಅರ್ಧಕ್ಕೆ ಕಿರಿದಾಗುತ್ತದೆ. ಅದರ 4 ಜಿಬಿ ಸ್ಮೃತಿ ತುಂಬಿದಾಗಲೆಲ್ಲ ಆ ಇಕ್ಕಟ್ಟು ಆಟದಲ್ಲಿ ತಡವರಿಕೆಯಾಗಿ ಕಾಣುತ್ತದೆ. ಎಂಟು ಲೇನ್‌ಗಳ, 8 ಜಿಬಿಯ ಆರ್‌ಎಕ್ಸ್ 6600 ನನ್ನ ಬೋರ್ಡಿಗೆ ಹೆಚ್ಚು ಹೊಂದುತ್ತದೆ. ಅದು ಎಳೆಯುವ 132 ವ್ಯಾಟನ್ನು ಹೊಸ ಎಸ್‌ಎಂಪಿಎಸ್ ಆರಾಮವಾಗಿ ಕೊಡಬಲ್ಲುದು.

ನವೀಕರಣಕ್ಕೆ ಮೊದಲು ಪರೀಕ್ಷೆಗೆಂದೇ ಎತ್ತಿಟ್ಟಿದ್ದ 240 ಚಿತ್ರಗಳ ಕಟ್ಟನ್ನು ರಫ್ತು ಮಾಡಲು 31 ನಿಮಿಷ ಹಿಡಿದಿತ್ತು. ಈಗ ಅದೇ ಕಟ್ಟಿಗೆ 11 ನಿಮಿಷ ಸಾಕು. ಹಳೆಯ ಹಾರ್ಡ್ ಡಿಸ್ಕ್ ಕ್ಯಾಬಿನೆಟ್‌ನ ಕೆಳಗೂಡಿನಲ್ಲೇ ಇದೆ, ವಾರಕ್ಕೊಮ್ಮೆ ಚಿತ್ರಗಳ ನಕಲು ತೆಗೆದಿಡುವಾಗ ಮಾತ್ರ ತಿರುಗುತ್ತದೆ.