ಚಿತ್ರನಟರೊಬ್ಬರ ಬದುಕನ್ನು ಬರೆಯುವ ಬಗೆ

ಚಿತ್ರನಟರೊಬ್ಬರ ಜೀವನಚಿತ್ರಣ ಬರೆಯಲು ಹೊರಟವರು ಮೊದಲು ಇಸವಿಗಳನ್ನು ಗಟ್ಟಿ ಮಾಡಿಕೊಳ್ಳಬೇಕು. ಅಭಿಮಾನ ಎಷ್ಟೇ ದೊಡ್ಡದಿರಲಿ, ಕಾಲಕ್ರಮ ತಪ್ಪಿದರೆ ನಟನೆ ಬೆಳೆದ ದಾರಿಯೇ ಓದುಗರಿಗೆ ಕಾಣದಂತಾಗುತ್ತದೆ. ಎಲ್ಲರಿಗೂ ಗೊತ್ತಿರುವ ಡಾ. ರಾಜ್‌ಕುಮಾರ್ ಅವರ ಬದುಕನ್ನೇ ಇಲ್ಲಿ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಹುಟ್ಟೂರನ್ನು ಬರೆಯುವಾಗ ಅದು ಆಗ ಯಾವ ಆಡಳಿತಕ್ಕೆ ಸೇರಿತ್ತು, ಈಗ ಎಲ್ಲಿದೆ ಎಂಬುದನ್ನು ಬೇರೆಬೇರೆಯಾಗಿ ಹೇಳಬೇಕು. 1929ರ ಏಪ್ರಿಲ್ 24ರಂದು ಮುತ್ತುರಾಜ್ (ರಾಜ್‌ಕುಮಾರ್ ಅವರ ಮೂಲ ಹೆಸರು) ಹುಟ್ಟಿದಾಗ ಅವರ ಹುಟ್ಟೂರು ಗಾಜನೂರು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಇಂದು ಅದು ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದೆ. ಬಾಲ್ಯವನ್ನು ಎರಡು ಸಾಲಿನಲ್ಲಿ ಮುಗಿಸಿದರೂ ನಡೆದೀತು, ಆದರೆ ರಂಗಭೂಮಿಯ ವರ್ಷಗಳನ್ನು ಹಾಗೆ ದಾಟಿ ಹೋಗಬಾರದು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಸ್ವತಃ ವೃತ್ತಿರಂಗಭೂಮಿಯ ನಟರು. ಮಗನೂ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರು. ಕಂಪನಿ ನಾಟಕದ ನಟ ಮಾತನ್ನೂ ಹಾಡನ್ನೂ ತಾನೇ ನಿಭಾಯಿಸಬೇಕಿತ್ತು, ಕೊನೆಯ ಸಾಲಿನಲ್ಲಿ ಕುಳಿತವರಿಗೂ ಪ್ರತಿ ಅಕ್ಷರ ಬಿಡಿಯಾಗಿ ಕೇಳುವಂತೆ ನುಡಿಯಬೇಕಿತ್ತು. ಮುಂದೆ ತೆರೆಯ ಮೇಲೆ ನಾವು ಮೆಚ್ಚಿದ ಆ ಸ್ಪಷ್ಟ ಉಚ್ಚಾರಣೆಯ ಬೇರು ಅಲ್ಲಿದೆ ಎಂದು ನಾನು ನಂಬುತ್ತೇನೆ.

‘ಮೊದಲ’ ಎಂಬ ಪದವನ್ನು ಬಳಸುವಾಗ ಹೆಚ್ಚಿನ ಎಚ್ಚರ ಬೇಕು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ 1954ರ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ನಾಯಕರಾಗಿ ನಟಿಸಿದ ಮೊದಲ ಚಿತ್ರ; ಅದಕ್ಕೂ ಮೊದಲೇ, 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಅವರು ಚಿಕ್ಕ ಪಾತ್ರವೊಂದನ್ನು ಮಾಡಿದ್ದರು. ಹಾಗೆಯೇ ಅವರು 1974ರ ‘ಸಂಪತ್ತಿಗೆ ಸವಾಲ್’ನಿಂದ ಹಾಡತೊಡಗಿದರೆಂದು ಹಲವರು ಬರೆಯುತ್ತಾರೆ, ಆದರೆ 1956ರ ‘ಓಹಿಲೇಶ್ವರ’ದಲ್ಲೇ ಅವರ ಕಂಠ ಕೇಳಿಬಂದಿತ್ತು. ಅವರು ನಿಯಮಿತವಾಗಿ ಹಾಡತೊಡಗಿದ್ದು 1974ರ ನಂತರ, ಅದಕ್ಕೆ ಮುನ್ನ ಅವರ ಬಹುಪಾಲು ಹಾಡುಗಳಿಗೆ ದನಿಯಾದವರು ಪಿ.ಬಿ. ಶ್ರೀನಿವಾಸ್ ಎಂದು ಬರೆದರೆ ವಿಷಯ ಸರಿಯಾಗುತ್ತದೆ, ಇನ್ನೊಬ್ಬ ಕಲಾವಿದರಿಗೂ ನ್ಯಾಯ ಸಲ್ಲುತ್ತದೆ.

ಇಂಥ ವಿವರಗಳನ್ನು ಒರೆಗೆ ಹಚ್ಚಲು ಚಿತ್ರದ ಆರಂಭದ ಹೆಸರುಪಟ್ಟಿ, ಸೆನ್ಸಾರ್ ಪ್ರಮಾಣಪತ್ರ, ಬಿಡುಗಡೆಯ ವಾರದ ಪತ್ರಿಕಾ ಜಾಹೀರಾತು, ಗ್ರಾಮಫೋನ್ ತಟ್ಟೆಯ ಲೇಬಲ್ಲು ನೆರವಾಗುತ್ತವೆ. ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ತುಕ್ಕು ಹಿಡಿದ ಪಿನ್ನು, ಮಾಸಿದ ತೆಳು ಹಾಳೆ, ಒಳಗೆ ತಾರಾಗಣ ಮತ್ತು ತಂತ್ರಜ್ಞರ ಹೆಸರುಗಳು, ಜೊತೆಗೆ ಅರ್ಧ ಕಥೆ. ಕುತೂಹಲ ಕೆರಳುವ ಹೊತ್ತಿಗೆ ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂಬ ಸಾಲು ಬರುತ್ತದೆ. ಸೆನ್ಸಾರ್ ಆದ ವರ್ಷವೂ ಬಿಡುಗಡೆಯ ವರ್ಷವೂ ಬೇರೆಯಾಗಿರಬಹುದು ಎಂಬುದನ್ನು ನೆನಪಿಡಬೇಕು. ಪ್ರಶಸ್ತಿಗಳಿಗೂ ಇದೇ ಮಾತು ಅನ್ವಯಿಸುವುದರಿಂದ 1995ನೇ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಎಂದು ಸಾಲನ್ನು ಸೇರಿಸಿಯೇ ಬರೆಯಬೇಕು.

ಚಿತ್ರಗಳ ವಿಷಯಕ್ಕೆ ಬಂದಾಗ ಇನ್ನೂರಕ್ಕೂ ಮಿಕ್ಕ ಹೆಸರುಗಳನ್ನು ಒಂದರ ಹಿಂದೊಂದು ಪೋಣಿಸುವ ಬದಲು ನಾಲ್ಕೈದನ್ನು ಆರಿಸಿಕೊಂಡು, ಪ್ರತಿಯೊಂದನ್ನೂ ಕಡೇಪಕ್ಷ ಎರಡು ಸಲ ನೋಡಬೇಕು. ಎರಡನೆಯ ಸಲ ಕಥೆಯನ್ನು ಮರೆತು ನಟರನ್ನಷ್ಟೇ ಗಮನಿಸಬೇಕು. 1972ರ ‘ಬಂಗಾರದ ಮನುಷ್ಯ’ದ ಕೊನೆಯಲ್ಲಿ ರಾಜೀವ ಊರು ಬಿಟ್ಟು ನಡೆಯುತ್ತಾನೆ. ಆ ಹೊತ್ತಿನ ಹೆಗಲ ಬಾಗು, ಹೆಜ್ಜೆಯ ವೇಗ, ಮಾತಿಗಿಂತ ಮೊದಲು ಬರುವ ಮೌನ, ಇವುಗಳಲ್ಲಿ ಕಣ್ಣಿಗೆ ಬಿದ್ದದ್ದನ್ನು ಕಂಡ ಹಾಗೆಯೇ ಬರೆದಿಟ್ಟುಕೊಂಡರೆ ‘ಮನೋಜ್ಞ ಅಭಿನಯ’ ಎಂಬ ಸವೆದ ಮಾತಿನ ಅಗತ್ಯವೇ ಬೀಳುವುದಿಲ್ಲ.

ಖಾಸಗಿ ಬದುಕಿನಲ್ಲಿ ಕೆಲಸದ ಮೇಲೆ ಪರಿಣಾಮ ಬೀರಿದ್ದು, ದಾಖಲೆಯಲ್ಲಿ ಇರುವುದು, ಇವಿಷ್ಟು ಸಾಕು. ಉಳಿದದ್ದು ಕುಟುಂಬದವರಿಗೆ ಸೇರಿದ್ದು. ದೊಡ್ಡ ಸುದ್ದಿಯಾದ ಘಟನೆಯೊಂದು ಇಡೀ ಬದುಕನ್ನು ನುಂಗಿಹಾಕಲು ಬಿಡಬಾರದು. 2000ದ ಜುಲೈ 30ರಂದು ಕಾಡುಗಳ್ಳ ವೀರಪ್ಪನ್ ನಡೆಸಿದ ರಾಜ್‌ಕುಮಾರ್ ಅವರ ಅಪಹರಣವನ್ನೂ ನವೆಂಬರ್ 15ರ ಬಿಡುಗಡೆಯನ್ನೂ ಬರೆಯಲೇಬೇಕು, ಆದರೆ ಬಣ್ಣ ಹಚ್ಚಿ ನಟಿಸುತ್ತ ಕಳೆದ ದಶಕಗಳಿಗಿಂತ ಕಾಡಿನಲ್ಲಿ ಕಳೆದ 108 ದಿನಗಳಿಗೆ ಹೆಚ್ಚು ಪುಟಗಳನ್ನು ಕೊಟ್ಟರೆ ನಟನ ಚರಿತ್ರೆ ಅಪರಾಧದ ಕಥೆಯಾಗಿಬಿಡುತ್ತದೆ. ಅವರ ಕೊನೆಯ ಚಿತ್ರ ‘ಶಬ್ದವೇಧಿ’ ತೆರೆಕಂಡದ್ದು 2000ದಲ್ಲಿ. ಅವರು ತೀರಿಕೊಂಡದ್ದು 2006ರ ಏಪ್ರಿಲ್ 12ರಂದು. ನಡುವಿನ ಆ ವರ್ಷಗಳಿಗೂ ಬರಹದಲ್ಲಿ ಒಂದಿಷ್ಟು ಜಾಗ ಇರಲಿ.