ನಿಮ್ಮ ಒಕ್ಕಕ್ಕೊಂದು ಲಾಂಛನ ಬರೆಯುವುದು ಹೇಗೆ?

1997ರಲ್ಲಿ ಕೊಡಗಿನ ಕರಡ ಎಂಬ ಊರಿನಲ್ಲಿ ಕೊಡವ ಒಕ್ಕಗಳ, ಅಂದರೆ ಒಂದೇ ಮನೆತನದ ಹೆಸರಿನ ಕುಟುಂಬಗಳ, ಹಾಕಿ ಹಬ್ಬ ಶುರುವಾಯಿತು. ಈಗ ಒಕ್ಕಕ್ಕೊಂದು ಜೆರ್ಸಿ ಬೇಕು, ಜೆರ್ಸಿಗೊಂದು ಲೋಗೋ ಬೇಕು. ಕೋವಿ, ಕಾವೇರಿ, ಬೆಟ್ಟ, ಆನೆ, ಕಾಫಿ ಎಲ್ಲವನ್ನೂ ಒಂದೇ ವೃತ್ತದಲ್ಲಿ ತುರುಕಿದರೆ ಗ್ಯಾಲರಿಯಲ್ಲಿ ಕೂತವರಿಗೆ ಏನೂ ಕಾಣುವುದಿಲ್ಲ. ಯುರೋಪಿನವರು 12ನೇ ಶತಮಾನದಲ್ಲಿ ಗುರಾಣಿ ಮೇಲೆ ಗುರುತು ಬರೆಯತೊಡಗಿದರಲ್ವಾ, ಅವರ ಕ್ರಮ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಮೊದಲು ಹಾಳೆಯ ಮೇಲೆ ಗುರಾಣಿ ಬರೆಯಿರಿ. ಒಳಗೆ ಎರಡೇ ವಸ್ತು, ಜಾಸ್ತಿ ಬೇಡ. ಕೊಡವರ ಅಗಲ ಅಲಗಿನ ಒಡಿಕತ್ತಿ ಎಲ್ಲ ಒಕ್ಕದಲ್ಲೂ ಇದೆ, ಅದೊಂದರಿಂದ ನಿಮ್ಮ ಗುರುತು ಆಗದು. ಐನ್‌ಮನೆಯ (ಒಕ್ಕದ ಮೂಲಮನೆಯ) ಹಿರಿಯರನ್ನು ಕೇಳಿ: ನಮ್ಮಲ್ಲಿ ಮಾತ್ರ ಇರುವ ಮರ, ಹೊಳೆ, ಕಥೆ ಯಾವುದು? ಅದನ್ನು ಒಡಿಕತ್ತಿಯ ಜೊತೆ ಇಡಿ.

ಆಮೇಲೆ ಬಣ್ಣ. ಅಸಲಿ ಕೆಲಸ ಇರುವುದು ಇಲ್ಲೇ. ಯುರೋಪಿನವರ ಕ್ರಮದಲ್ಲಿ ಹಳದಿ ಅಂದರೆ ಚಿನ್ನ, ಬಿಳಿ ಅಂದರೆ ಬೆಳ್ಳಿ, ಇವೆರಡು ಲೋಹಗಳ ಲೆಕ್ಕ. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳ ಲೆಕ್ಕ. ಲೋಹದ ಮೇಲೆ ಲೋಹ ಇಡಬಾರದು, ಬಣ್ಣದ ಮೇಲೆ ಬಣ್ಣ ಇಡಬಾರದು, ಇಟ್ಟರೆ ದೂರಕ್ಕೆ ಒಂದರೊಳಗೊಂದು ಮುಳುಗಿ ಹೋಗುತ್ತವೆ. ಕೊಡವರ ಕಪ್ಪು ಕುಪ್ಯಕ್ಕೆ (ಉದ್ದ ಅಂಗಿಗೆ) ಕೆಂಪು ಚೇಲೆ (ಸೊಂಟಪಟ್ಟಿ) ಎಷ್ಟೇ ಚಂದ ಕಂಡರೂ ಗುರಾಣಿಯಲ್ಲಿ ಈ ನಿಯಮಕ್ಕೆ ಅದು ಪಾಸಾಗುವುದಿಲ್ಲ, ಮದುಮಗನ ಬಿಳಿ ಕುಪ್ಯದ ಮೇಲಿನ ಕೆಂಪು ಚೇಲೆ ಪಾಸು! ಕಪ್ಪೇ ಬೇಕೆಂದು ಹಟವಿದ್ದರೆ ಕೆಂಪು ಪಟ್ಟಿಯ ಎರಡೂ ಅಂಚಿಗೆ ಜರಿಯ ಹಾಗೆ ಸಣ್ಣ ಹಳದಿ ಗೆರೆ ಎಳೆಯಿರಿ. ಅದಕ್ಕೆ ಅವರ ಪದ್ಧತಿಯಲ್ಲೂ ಅವಕಾಶವಿದೆ.

ಬಲ, ಎಡ ಅನ್ನುವುದು ಗುರಾಣಿ ಹಿಡಿದವನ ಲೆಕ್ಕದಲ್ಲಿ. ಆನೆ ಬರೆದರೆ ಅದರ ಮುಖ ಸಾಮಾನ್ಯವಾಗಿ ಗುರಾಣಿಯ ಬಲಕ್ಕೆ, ಅಂದರೆ ನೋಡುವವರ ಎಡಕ್ಕೆ ಇರಬೇಕು. ಅವರ ಲಾಂಛನಗಳಲ್ಲಿ ಗುರಾಣಿಯ ಮೇಲೆ ಕಾಣುವ ಶಿರಸ್ತ್ರಾಣ, ಅಕ್ಕಪಕ್ಕ ನಿಂತ ಪ್ರಾಣಿಗಳು ಸುಮ್ನೆ ಆಡಂಬರ, ಬಿಟ್ಟುಬಿಡಿ.

ಇಂಗ್ಲೆಂಡಿನಲ್ಲಿ ಲಾಂಛನ ಕೊಡಲೆಂದೇ 1484ರಿಂದ ಒಂದು ಕಾಲೇಜ್ ಆಫ್ ಆರ್ಮ್ಸ್ ಇದೆ. ನಮ್ಮಲ್ಲಿ ಅಂಥದ್ದಿಲ್ಲ, ಅರ್ಜಿಯ ಗೋಜೂ ಇಲ್ಲ. ಆದರೆ ಅಶೋಕನ ಸಿಂಹಗಳನ್ನು ಮುಟ್ಟಬೇಡಿ, ಅದರ ದುರ್ಬಳಕೆ ತಡೆಯಲು 2005ರ ಕಾಯ್ದೆ ಇದೆ. ರಾಜ್ಯ ಸರ್ಕಾರದ ಗಂಡಭೇರುಂಡವನ್ನೂ ಬಿಡಿ.

ಕೊನೆಗೆ ಲಾಂಛನವನ್ನು ಮಾತಿನಲ್ಲಿ ಬರೆದಿಡಿ: ‘ಬಿಳಿ ಗುರಾಣಿ, ನಡುವೆ ಅಡ್ಡಕ್ಕೆ ಕೆಂಪು ಪಟ್ಟಿ, ಅದರ ಮೇಲ್ಗಡೆ ಕಪ್ಪು ಒಡಿಕತ್ತಿ, ಕೆಳಗೆ ಹಸಿರು ಹಲಸಿನ ಮರ.’ ಹೆರಾಲ್ಡ್ರಿಯಲ್ಲಿ, ಅಂದರೆ ಯುರೋಪಿನ ಈ ಲಾಂಛನ ಪದ್ಧತಿಯಲ್ಲಿ, ಚಿತ್ರಕ್ಕಿಂತ ಈ ಮಾತಿಗೇ ತೂಕ, ಕಲಾವಿದರು ಬೇರೆ ಬೇರೆ ಥರ ಬಿಡಿಸಿದರೂ ಲಾಂಛನ ಅದೇ. ಇದನ್ನು ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನಿನಲ್ಲಿ ಓದಿ ಹೇಳಿ. ಚಿತ್ರ ನೋಡದೆ ಅವನು ಬಿಡಿಸಿದ್ದು ನಿಮ್ಮದಕ್ಕೆ ಹೊಂದಿದರೆ ಜೆರ್ಸಿ ಹೊಲಿಸಲು ಕೊಡಿ.