ಕೆಳಗಿನ ದವಡೆ ಹಲ್ಲಿನಲ್ಲಿ ಅಡಗಿರುವ ಕೆನಾಲ್: ಪತ್ತೆ ಮಾಡುವ ಕ್ರಮ

ಕೆಳಗಿನ ದವಡೆ ಹಲ್ಲು ಎಂದರೆ ಎರಡು ಬೇರು, ಮೂರು ಕೆನಾಲ್ (ಬೇರಿನೊಳಗೆ ತಿರುಳಿರುವ ನಾಳ) ಎಂಬ ಪಾಠ ತಲೆಯಲ್ಲಿ ಕೂತುಬಿಟ್ಟರೆ ನಾಲ್ಕನೆಯದು ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಬಿಟ್ಟುಹೋದ ಕೆನಾಲ್‌ನಲ್ಲಿ ಸೋಂಕು ಉಳಿಯುತ್ತದೆ. ಕ್ಯಾಪ್ ಹಾಕಿಸಿಕೊಂಡ ರೋಗಿ ನೋವೆಂದು ಮರಳಿ ಬರುತ್ತಾರೆ. ಮುಖ್ಯವಾಗಿ ಹುಡುಕಬೇಕಾದವು ಮೂರು: ಮೊದಲ ಮೋಲಾರ್‌ನ (ದವಡೆ ಹಲ್ಲಿನ) ಮೂರನೇ ಬೇರು, ಅದೇ ಹಲ್ಲಿನ ಮೀಸಿಯಲ್ (ಬಾಯಿಯ ಮುಂಭಾಗದ ಕಡೆಯ) ಬೇರಿನ ನಡುವಿನ ಕೆನಾಲ್, ಎರಡನೇ ಮೋಲಾರ್‌ನ ಸಿ-ಆಕಾರದ ಕೆನಾಲ್.

ಮೂರನೇ ಬೇರು

ಡಿಸ್ಟಲ್ (ಬಾಯಿಯ ಹಿಂಭಾಗದ ಕಡೆಯ) ಭಾಗದಲ್ಲಿ ನಾಲಿಗೆ ಕಡೆಗೆ ಮೂಡುವ ಈ ಹೆಚ್ಚಿನ ಬೇರನ್ನು ರೇಡಿಕ್ಸ್ ಎಂಟೊಮೊಲಾರಿಸ್ ಎನ್ನುತ್ತಾರೆ. ದಂತವೈದ್ಯ ಕ್ಯಾರಬೆಲ್ಲಿ 1844ರಲ್ಲೇ ಇದನ್ನು ವಿವರಿಸಿದ್ದರು. ನೇರವಾಗಿ ತೆಗೆದ ಎಕ್ಸ್‌ರೇಯಲ್ಲಿ ಇದು ಡಿಸ್ಟಲ್ ಬೇರಿನ ನೆರಳಿನಲ್ಲೇ ಮುಚ್ಚಿಹೋಗುತ್ತದೆ. ಹಾಗಾಗಿ ಬರ್ (ಹಲ್ಲು ಕೊರೆಯುವ ಮೊನೆ) ಕೈಗೆತ್ತಿಕೊಳ್ಳುವ ಮುನ್ನ ಎರಡು ಎಕ್ಸ್‌ರೇ ಬೇಕೇ ಬೇಕು: ಒಂದು ನೇರ, ಇನ್ನೊಂದು ಟ್ಯೂಬನ್ನು 20ರಿಂದ 30 ಡಿಗ್ರಿ ಮೀಸಿಯಲ್ ಕಡೆಗೆ ಸರಿಸಿ. ಟ್ಯೂಬ್ ಸರಿದ ದಿಕ್ಕಿಗೇ ನಾಲಿಗೆ ಬದಿಯ ಬೇರು ಸರಿದಂತೆ ಕಾಣುತ್ತದೆ, ಕೆನ್ನೆ ಬದಿಯದು ಎದುರು ದಿಕ್ಕಿಗೆ. ಡಿಸ್ಟಲ್ ಬೇರಿನ ಅಂಚು ಮಸುಕಾಗಿದ್ದರೆ, ಬೇರಿನ ಸುತ್ತಲಿನ ಗೆರೆ ಜೋಡಿಯಾಗಿ ಕಂಡರೆ ಅನುಮಾನಪಡಿ.

ಹಲ್ಲು ತೆರೆದ ಮೇಲೆ ಪಲ್ಪ್ ಚೇಂಬರ್‌ನ (ತಿರುಳಿರುವ ಒಳಕೋಣೆಯ) ನೆಲವೇ ನಕ್ಷೆ. ನೆಲದ ಬಣ್ಣ ಗೋಡೆಗಿಂತ ಗಾಢ; ಕೆನಾಲ್ ಬಾಯಿಗಳು ಆ ಎರಡೂ ಸೇರುವ ಅಂಚಿನಲ್ಲೇ ಇರುತ್ತವೆ. ನೆಲದ ನಡುವೆ ಮೀಸಿಯಲ್‌ನಿಂದ ಡಿಸ್ಟಲ್‌ಗೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಡಿಸ್ಟಲ್ ಬಾಯಿ ಆ ಗೆರೆಯ ಮೇಲಿಲ್ಲದೆ ಕೆನ್ನೆ ಕಡೆಗೆ ಸರಿದಿದ್ದರೆ, ನಾಲಿಗೆ ಕಡೆ ಇನ್ನೊಂದು ಬಾಯಿ ಇರುವ ಸಾಧ್ಯತೆ ಹೆಚ್ಚು. ಹಲ್ಲಿನಲ್ಲಿ ಕೊರೆದ ತ್ರಿಕೋನದ ತೆರೆಪನ್ನು ಆ ಮೂಲೆಗೆ ವಿಸ್ತರಿಸಿ ಚತುಷ್ಕೋನ ಮಾಡಿ, ಬಾಯಿಯ ಮೇಲೆ ಚಾಚಿದ ಡೆಂಟಿನ್ (ಹಲ್ಲಿನ ಒಳಪದರ) ತೆಗೆಯಿರಿ, ನೆಲದ ಮೇಲಿನ ಗಾಢ ಗೆರೆಯ ಗುಂಟ ಡಿಜಿ-16 ಎಕ್ಸ್‌ಪ್ಲೋರರ್ (ಕೆನಾಲ್ ಬಾಯಿ ಹುಡುಕುವ ಚೂಪು ಉಪಕರಣ) ಆಡಿಸಿ. ಈ ಬೇರು ಸಾಮಾನ್ಯವಾಗಿ ಕೆನ್ನೆ ಕಡೆಗೆ ಬಾಗಿರುತ್ತದೆ. ಎಕ್ಸ್‌ರೇ ತೆಗೆಯುವುದೂ ಅದೇ ದಿಕ್ಕಿನಿಂದಾದ್ದರಿಂದ ಬಾಗು ಚಿತ್ರದಲ್ಲಿ ಕಾಣುವುದಿಲ್ಲ. ಮೊದಲೇ ಬಗ್ಗಿಸಿದ 8 ಅಥವಾ 10ನೇ ಅಳತೆಯ ಫೈಲ್‌ನಿಂದ (ಕೆನಾಲ್ ಕೆರೆದು ಶುಚಿಮಾಡುವ ಸಪೂರ ಉಪಕರಣ) ಶುರು ಮಾಡಿ; ದಪ್ಪ ಫೈಲನ್ನು ಒತ್ತಿದರೆ ಒಳಗೋಡೆಯಲ್ಲಿ ಮೆಟ್ಟಿಲು ಬೀಳುತ್ತದೆ, ಇಲ್ಲವೇ ಫೈಲೇ ಮುರಿಯುತ್ತದೆ.

ನಡುವಿನ ಮೀಸಿಯಲ್ ಕೆನಾಲ್

ಎರಡು ಮೀಸಿಯಲ್ ಬಾಯಿಗಳ ನಡುವಿನ ತೋಡಿನಲ್ಲಿ ಸಣ್ಣ ಅಲ್ಟ್ರಾಸಾನಿಕ್ ಟಿಪ್‌ನಿಂದ ಸ್ವಲ್ಪ ಸ್ವಲ್ಪವೇ ಕೆರೆದು ಹುಡುಕಬೇಕು, ಅದೂ 2 ಮಿ.ಮೀ. ಆಳದೊಳಗೆ. ಡಿಸ್ಟಲ್ ಕಡೆಗೆ ವಾಲಬೇಡಿ; ಬೇರು ಕವಲೊಡೆಯುವ ಆ ಬದಿಯಲ್ಲಿ ಗೋಡೆ ತೆಳು, ತೂತಾದೀತು.

ಸಿ-ಆಕಾರದ ಕೆನಾಲ್

ಬೇರು ರೂಪುಗೊಳ್ಳುವಾಗ ಬೇರಿಗೆ ಆಕಾರ ಕೊಡುವ ಹರ್ಟ್‌ವಿಗ್ ಪೊರೆ ಸರಿಯಾಗಿ ಕೂಡದೆ ಹೋದರೆ ಬೇರುಗಳು ಒಂದು ಬದಿಯಲ್ಲಿ ಬೆಸೆದುಕೊಂಡೇ ಉಳಿಯುತ್ತವೆ. ಇನ್ನೊಂದು ಬದಿಯಲ್ಲಿ, ಹೆಚ್ಚಾಗಿ ನಾಲಿಗೆ ಕಡೆ, ಉದ್ದಕ್ಕೂ ತೋಡು ಬೀಳುತ್ತದೆ. ಕುಕ್ ಮತ್ತು ಕಾಕ್ಸ್ 1979ರಲ್ಲಿ ಇದನ್ನು ವರದಿ ಮಾಡಿದರು. ಚೀನಾ, ಕೊರಿಯಾದ ಜನರಲ್ಲಿ ಇದು ಬಹಳ ಸಾಮಾನ್ಯ, ನಮ್ಮಲ್ಲೂ ಅಪರೂಪವೇನಲ್ಲ.

ಎಕ್ಸ್‌ರೇಯಲ್ಲಿ ಎರಡನೇ ಮೋಲಾರ್‌ನ ಬೇರುಗಳು ಅಂಟಿಕೊಂಡಂತೆ ಕಂಡರೆ ಎಚ್ಚರಗೊಳ್ಳಿ. ತೆರೆದಾಗ ರಿಬ್ಬನ್‌ನಂಥ ಸೀಳು ಮೀಸಿಯಲ್-ನಾಲಿಗೆ ಮೂಲೆಯಿಂದ ಹೊರಟು, ಕೆನ್ನೆ ಬದಿಯನ್ನು ಬಳಸಿ ಡಿಸ್ಟಲ್‌ಗೆ ತಲುಪುತ್ತದೆ. ಆದರೆ ಮೇಲಿನ ಆಕಾರ ಕೆಳಗೂ ಹಾಗೆಯೇ ಇರುತ್ತದೆ ಎಂದುಕೊಳ್ಳಬೇಡಿ. 2004ರ ಫ್ಯಾನ್ ವರ್ಗೀಕರಣದಲ್ಲಿ ಸಿ1 ಎಂದರೆ ತುಂಡಾಗದ ಸಿ, ಸಿ2 ಅರ್ಧವಿರಾಮ ಚಿಹ್ನೆಯಂತೆ, ಸಿ3 ಬಿಡಿಬಿಡಿಯಾದ ಎರಡು ಮೂರು ಕೆನಾಲ್, ಸಿ4 ಒಂದೇ ದುಂಡು ಕೆನಾಲ್. ಒಂದೇ ಬೇರಿನಲ್ಲಿ ಆಳ ಬದಲಾದಂತೆ ಇವೂ ಬದಲಾಗಬಹುದು.

ಇಲ್ಲಿ ಹಲವರು ಗಾಬರಿಯಾಗುವ ಸಂದರ್ಭವೊಂದಿದೆ: ಎಕ್ಸ್‌ರೇಯಲ್ಲಿ ಫೈಲ್ ಬೇರುಗಳ ಕವಲಿನಲ್ಲಿ ಹೊರಬಂದಂತೆ ಕಾಣುತ್ತದೆ. ತೂತಾಯಿತೆಂದು ಅಲ್ಲೇ ಕೈಬಿಡಬೇಡಿ. ನಿಜಕ್ಕೂ ತೂತಾಗಿದ್ದರೆ ಆಪೆಕ್ಸ್ ಲೊಕೇಟರ್ (ಬೇರಿನ ತುದಿ ಎಲ್ಲಿದೆ ಎಂದು ತೋರಿಸುವ ವಿದ್ಯುನ್ಮಾನ ಸಾಧನ) ಬಹಳ ಮೊದಲೇ ತುದಿ ಬಂತೆಂದು ತೋರಿಸುತ್ತದೆ. ಸಿ-ಕೆನಾಲ್ ಆಗಿದ್ದರೆ ಬೇರಿನ ಪೂರ್ತಿ ಉದ್ದದ ಸಮೀಪದಲ್ಲೇ ತೋರಿಸುತ್ತದೆ.

ಸೀಳಿನ ಕಿರಿದಾದ ಭಾಗದಲ್ಲಿ 25ಕ್ಕಿಂತ ದಪ್ಪದ ಫೈಲ್ ಬೇಡ, ಗೇಟ್ಸ್ ಗ್ಲಿಡನ್ (ಕೆನಾಲ್ ಅಗಲಿಸುವ ತಿರುಗುವ ಮೊನೆ) ಅಂತೂ ಬೇಡವೇ ಬೇಡ. ತೋಡಿನ ಬದಿಯ ಗೋಡೆ ಅಷ್ಟು ತೆಳು. ಅಲ್ಲಿನ ತಿರುಳನ್ನು ಕರಗಿಸುವ ಕೆಲಸ ರಬ್ಬರ್ ಡ್ಯಾಮ್ (ಹಲ್ಲನ್ನು ಬಾಯಿಯಿಂದ ಬೇರ್ಪಡಿಸುವ ರಬ್ಬರ್ ಹಾಳೆ) ಹಾಕಿದ ಮೇಲೆ ಬಿಡುವ ಹೈಪೊಕ್ಲೋರೈಟ್ ದ್ರಾವಣಕ್ಕೆ ಸೇರಿದ್ದು, ಅಲ್ಟ್ರಾಸಾನಿಕ್ ಕಂಪನದ ಜೊತೆಗೆ. ಚೇಂಬರ್‌ನಲ್ಲಿ ಅದನ್ನು ತುಂಬಿಟ್ಟು ಮೈಕ್ರೋಸ್ಕೋಪ್‌ನಲ್ಲಿ ನೋಡಿ: ಗುಳ್ಳೆಗಳು ಏಳುವ ಕಡೆ ತಿರುಳು ಇನ್ನೂ ಉಳಿದಿದೆ.

ಎರಡು ಎಕ್ಸ್‌ರೇಗಳಿಂದಲೂ ಗೊಂದಲ ಬಗೆಹರಿಯದಿದ್ದರೆ ಮಾತ್ರ ಸಿಬಿಸಿಟಿ (ಮೂರು ಆಯಾಮದ ಎಕ್ಸ್‌ರೇ ಸ್ಕ್ಯಾನ್) ಬರೆಯಿರಿ. ಇಡೀ ದವಡೆಯದು ಬೇಡ. ಸುಮಾರು 5×5 ಸೆಂ.ಮೀ. ವ್ಯಾಪ್ತಿ, 0.2 ಮಿ.ಮೀ. ಅಥವಾ ಅದಕ್ಕೂ ಚಿಕ್ಕ ವೋಕ್ಸೆಲ್ (ಚಿತ್ರದ ಅತಿ ಸಣ್ಣ ಘಟಕ) ಎಂದು ಸ್ಪಷ್ಟವಾಗಿ ನಮೂದಿಸಿ. ಅಡ್ಡಸೀಳಿಕೆಗಳನ್ನು ಚೇಂಬರ್ ನೆಲದಿಂದ ಬೇರಿನ ತುದಿಯವರೆಗೆ ಒಂದೂ ಬಿಡದೆ ನೋಡಿ. ಕಂಡದ್ದನ್ನು ರೋಗಿಯ ಕಡತದಲ್ಲಿ ಬರೆದಿಡಿ: ಸಿ-ಆಕಾರವಾಗಲಿ ಮೂರನೇ ಬೇರಾಗಲಿ ಹಲವು ಸಲ ಎರಡೂ ಬದಿಯ ಹಲ್ಲುಗಳಲ್ಲಿ ಇರುತ್ತದೆ.